ಕಾಟಾ ಪಕ್ಕದ ಕಂಪ್ಯೂಟರ್: ದಿನಚರಿಯ ಪುಟಗಳು

ಶಿರಸಿ, 3 ಜನವರಿ 2024, ಬುಧವಾರ

ಸೊಸೈಟಿಯ ವಖಾರಿಯಿಂದ ಮತ್ತೆ ಫೋನು. ತೂಕದ ಪರದೆ ಹ್ಯಾಂಗ್ ಆಗಿದೆ, ಅಂಗಳದಲ್ಲಿ ಚೀಲ ಇಳಿಸಿದವರು ಕಾಯುತ್ತಿದ್ದಾರೆ. ರಾಶಿ ಅಡಿಕೆ ಬರತೊಡಗಿದೆ, ದಾಸ್ತಾನಿಟ್ಟಿದ್ದ ಹಳೆ ಚಾಲಿಯೂ ಹೊರಬರುತ್ತಿದೆ. ಇಂಥ ಹೊತ್ತಿನಲ್ಲಿ ಕಾಟಾ ನಿಂತರೆ ಬೈಗುಳ ತಿನ್ನುವವನು ಕಾಟಾದ ಮುಂದೆ ಕೂತ ಹುಡುಗ.

ಪ್ರೋಗ್ರಾಂ ಬರೆದ ಪುಣ್ಯಾತ್ಮ ಊರು ಬಿಟ್ಟು ವರ್ಷಗಳಾದವು. ಸೋರ್ಸ್ ಕೋಡ್ ಪೆನ್‌ಡ್ರೈವ್ ಒಂದರಲ್ಲಿ ಉಳಿದಿತ್ತು, ಅದೇ ದೊಡ್ಡದು. ಸಿ ಶಾರ್ಪ್, ವಿಂಡೋಸ್ ಫಾರ್ಮ್ಸ್, ಡಾಟ್‌ನೆಟ್ ಫ್ರೇಮ್‌ವರ್ಕ್ 4.8. ಕಾಟಾದಿಂದ ಆರ್‌ಎಸ್-232 ವೈರು ಬಂದು ಯುಎಸ್‌ಬಿ ಕನ್ವರ್ಟರ್ ಮೂಲಕ ಕಂಪ್ಯೂಟರ್ ಸೇರುತ್ತದೆ. ವೇಗ 9600 ಬಾಡ್.

ಕೋಡ್ ತೆರೆದು ನೋಡಿದರೆ ಫಾರ್ಮ್ ಶುರುವಾಗುವ ಜಾಗದಲ್ಲೇ ಒಂದು ಸಾಲು: ಚೆಕ್‌ಫಾರ್‌ಇಲ್ಲೀಗಲ್‌ಕ್ರಾಸ್‌ಥ್ರೆಡ್‌ಕಾಲ್ಸ್ ಈಸ್ ಈಕ್ವಲ್ ಟು ಫಾಲ್ಸ್. ಇದನ್ನು ಕಂಡ ಮೇಲೆ ಹೆಚ್ಚು ಹುಡುಕಬೇಕಾಗಲಿಲ್ಲ. ಸೀರಿಯಲ್ ಪೋರ್ಟಿನ ಡೇಟಾರಿಸೀವ್ಡ್ ಈವೆಂಟ್ ಓಡುವುದು ಬೇರೆ ಥ್ರೆಡ್‌ನಲ್ಲಿ. ಆತ ಅದರ ಒಳಗಿಂದಲೇ ಪರದೆಯ ಲೇಬಲ್‌ಗೆ ತೂಕ ಬರೆದಿದ್ದಾನೆ. ಡೀಬಗರ್ ಹಚ್ಚಿ ಓಡಿಸಿದಾಗ ಡಾಟ್‌ನೆಟ್ ತಕರಾರು ಮಾಡಿರಬೇಕು. ತಕರಾರಿನ ಬಾಯಿ ಮುಚ್ಚಿಸಲು ಈ ಸಾಲು. ಮಜಾ ಏನೆಂದರೆ ಈ ಪರೀಕ್ಷೆ ತಾನಾಗಿ ಚಾಲೂ ಇರುವುದು ಡೀಬಗರ್ ಜೊತೆಗಿದ್ದಾಗ ಮಾತ್ರ. ವಖಾರಿಯ ಕಂಪ್ಯೂಟರಿನಲ್ಲಿ ಅದು ಹೇಗಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಅಂದರೆ ಎಚ್ಚರಿಸಬಹುದಾಗಿದ್ದ ಒಂದೇ ಜಾಗದಲ್ಲಿ ಅದನ್ನು ಸುಮ್ಮನಾಗಿಸಿದ ಹಾಗಾಯಿತು.

ಕಾಟಾ ಹುಡುಗನಿಗೆ ಹೀಗೆ ಹೇಳಿದೆ. ಒಂದು ಕಿಟಕಿಗೆ ಒಬ್ಬನೇ ಗುಮಾಸ್ತ. ಮೌಸ್ ಕ್ಲಿಕ್ಕು, ಕೀಲಿ ಒತ್ತಿದ್ದು, ‘ನನ್ನ ಮುಖ ಮತ್ತೆ ಬಿಡಿಸು’ ಎಂಬ ಕೋರಿಕೆ ಎಲ್ಲವೂ ಚೀಟಿಯಾಗಿ ಅವನ ಮುಂದೆ ಸರದಿಯಲ್ಲಿ ಬರುತ್ತವೆ. ಅವನು ಒಂದೊಂದೇ ಎತ್ತಿಕೊಂಡು ಮುಗಿಸುತ್ತಾನೆ. ಹಿಂದಿನ ಬಾಗಿಲಿಂದ ಇನ್ನೊಬ್ಬ ನುಗ್ಗಿ ಅದೇ ಲೆಡ್ಜರಿನಲ್ಲಿ ಬರೆಯತೊಡಗಿದರೆ ಏನಾದೀತು? ‘ಎಂಥ ಮಾರಾಯ್ರೆ, ಹೊಡೆದಾಟ ಆಗ್ತದೆ’ ಅಂದ. ಸರಿಯಾಗಿಯೇ ತಿಳಿದುಕೊಂಡ.

ಆ ಸಾಲು ಅಳಿಸಿದೆ. ಲೇಬಲ್‌ಗೆ ಬರೆಯುವ ಕೆಲಸವನ್ನು ಬಿಗಿನ್‌ಇನ್ವೋಕ್ ಮೂಲಕ ಯುಐ ಥ್ರೆಡ್‌ನ, ಅಂದರೆ ಆ ಗುಮಾಸ್ತನ, ಸರದಿಗೆ ಸೇರಿಸಿದೆ. ಇನ್ವೋಕ್ ಬೇಡ ಎಂದು ಬೇಕೆಂದೇ ಬಿಟ್ಟೆ. ಅದು ಉತ್ತರ ಬರುವ ತನಕ ಕಾಯುತ್ತದೆ. ಅದೇ ಕ್ಷಣದಲ್ಲಿ ಯಾರಾದರೂ ಫಾರ್ಮ್ ಮುಚ್ಚಿದರೆ ಯುಐ ಥ್ರೆಡ್ ಪೋರ್ಟ್ ಮುಚ್ಚಲು ಹೊರಟು, ಓದುತ್ತಿರುವ ಈವೆಂಟ್ ಮುಗಿಯಲಿ ಎಂದು ನಿಲ್ಲುತ್ತದೆ. ಆ ಈವೆಂಟ್ ಯುಐ ಥ್ರೆಡ್ ಬಿಡುವಾಗಲಿ ಎಂದು ನಿಂತಿರುತ್ತದೆ. ಇಬ್ಬರೂ ‘ನೀವು ಮೊದಲು’ ಎನ್ನುತ್ತಾ ಬಾಗಿಲಲ್ಲೇ ಉಳಿಯುತ್ತಾರೆ. ಕಿಟಕಿ ಐದು ಸೆಕೆಂಡು ಯಾವ ಮೆಸೇಜನ್ನೂ ಎತ್ತಿಕೊಳ್ಳದಿದ್ದರೆ ವಿಂಡೋಸ್ ಅದರ ಜಾಗಕ್ಕೆ ಮಸುಕು ನಕಲೊಂದನ್ನು ತಂದಿಟ್ಟು, ತಲೆಯ ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬರೆಯುತ್ತದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೇ ಹೆಚ್ಚಾಗಿ ಹ್ಯಾಂಗ್ ಆಗುತ್ತದೆ ಎಂದು ಹುಡುಗ ಹೇಳಿದ್ದಕ್ಕೂ ಕಾರಣ ಇಂಥದೇ ಏನೋ ಇರಬೇಕು.

5 ಜನವರಿ, ಶುಕ್ರವಾರ

ಹ್ಯಾಂಗ್ ನಿಂತಿದೆ. ಈಗ ಹೊಸ ದೂರು: 65.250 ಕಿಲೋ ತೋರಿಸಬೇಕಾದ ಕಡೆ ಒಮ್ಮೊಮ್ಮೆ ಬರೀ 250 ಬಂದು ಹೋಗುತ್ತದೆ. ಇದು ಲೇಬಲ್‌ನ ಪಾಪವಲ್ಲ. ಸೀರಿಯಲ್ ವೈರಿನಲ್ಲಿ ಅಂಕಿಗಳು ಒಂದೊಂದಾಗಿ ಬರುತ್ತವೆ. ಈವೆಂಟ್ ಎದ್ದಾಗ ಎಷ್ಟು ಬಂದಿದೆಯೋ ಅಷ್ಟೇ ಕೈಗೆ ಸಿಗುವುದು. ಬಂದಿದ್ದನ್ನೆಲ್ಲ ಬಫರಿನಲ್ಲಿ ಕೂಡಿಟ್ಟು, ಸಾಲು ಮುಗಿದ ಗುರುತು ಕಂಡ ಮೇಲೆ ತೂಕವೆಂದು ತೆಗೆದುಕೊಳ್ಳುವಂತೆ ಮಾಡಿದೆ. ಹಿಂದೆ ಎಷ್ಟು ಚೀಲಕ್ಕೆ 250 ಕಿಲೋ ಹತ್ತಿತ್ತೋ ದೇವರೇ ಬಲ್ಲ. ಗುಮಾಸ್ತರು ಕಣ್ಣಲ್ಲೇ ತಿದ್ದಿಕೊಳ್ಳುತ್ತಿದ್ದರಂತೆ. ಪ್ರೋಗ್ರಾಂಗಳು ಬಹುಪಾಲು ಬದುಕಿರುವುದೇ ಇಂಥವರಿಂದ.

9 ಜನವರಿ, ಮಂಗಳವಾರ

‘ಬೆಳಿಗ್ಗೆ ಚೆನ್ನಾಗಿರ್ತದೆ, ಮೂರು ಗಂಟೆ ಮೇಲೆ ಕೆಡ್ತದೆ.’ ಅಡಿಕೆ ಲಾಟ್‌ಗಳ ಟೆಂಡರ್ ಪರದೆಯ ಬಗ್ಗೆ ಲೆಕ್ಕದ ಅಕ್ಕ ಹೇಳಿದ್ದು ಇಷ್ಟೇ. ದೂರು ಹೇಳುವವರು ಹೊತ್ತು ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಹೊತ್ತು ಏರಿದಂತೆ ಕೆಡುವುದೆಂದರೆ ಏನೋ ಒಂದು ತುಂಬುತ್ತಿದೆ, ಖಾಲಿಯಾಗುತ್ತಿಲ್ಲ.

ಊಟದ ಹೊತ್ತಿಗೆ ಹೋಗಿ ಟಾಸ್ಕ್ ಮ್ಯಾನೇಜರ್ ತೆರೆದೆ. ಡೀಟೇಲ್ಸ್ ಪುಟದ ಕಾಲಂಗಳ ಪಟ್ಟಿಯಿಂದ ‘ಯೂಸರ್ ಆಬ್ಜೆಕ್ಟ್ಸ್’, ‘ಜಿಡಿಐ ಆಬ್ಜೆಕ್ಟ್ಸ್’ ಎಂಬೆರಡನ್ನು ಎಳೆದು ತಂದೆ. ಇವು ತಾವಾಗಿ ಕಾಣುವುದಿಲ್ಲ, ಬೇಕೆಂದು ಕೇಳಿ ಪಡೆಯಬೇಕು. ಲಾಟ್ ಬದಲಿಸಿದಂತೆಲ್ಲ ಮೊದಲ ಅಂಕಿ ಏರುತ್ತಿದೆ, ಇಳಿಯುವ ಮಾತೇ ಇಲ್ಲ. ಒಂದು ಪ್ರೋಗ್ರಾಂಗೆ ವಿಂಡೋಸ್ ಕೊಡುವ ಮಿತಿ ಸಾಮಾನ್ಯವಾಗಿ ಎರಡಕ್ಕೂ ತಲಾ 10,000. ಈ ಪರದೆ ಪ್ರತಿ ಲಾಟ್‌ಗೂ ಪ್ಯಾನೆಲ್ ಮೇಲೆ ಸುಮಾರು ನಲವತ್ತು ಲೇಬಲ್ಲು, ಟೆಕ್ಸ್ಟ್‌ಬಾಕ್ಸು ಹೊಸದಾಗಿ ಹುಟ್ಟಿಸುತ್ತದೆ. 250 ಲಾಟ್ ದಾಟುವ ಹೊತ್ತಿಗೆ ಕೋಟಾ ಮುಗಿಯುತ್ತದೆ. ಮೂರು ಗಂಟೆಯ ಲೆಕ್ಕ ಅದು.

ಮುಂದಿನ ಲಾಟ್‌ಗೆ ಹೋಗುವಾಗ ಹಳೆಯದನ್ನು ತೆಗೆಯಲು ಬರೆದಿದ್ದು ಕಂಟ್ರೋಲ್ಸ್.ಕ್ಲಿಯರ್. ಹೆಸರು ನೋಡಿದರೆ ಎಲ್ಲ ಅಳಿಸಿಹಾಕುತ್ತದೆ ಎಂದೇ ಅನಿಸುತ್ತದೆ. ಅದು ಮಾಡುವುದು ಪ್ಯಾನೆಲ್ಲಿನಿಂದ ಹೊರಗೆ ಹಾಕುವುದಷ್ಟೇ, ಡಿಸ್ಪೋಸ್ ಮಾಡುವುದಿಲ್ಲ. ಹೊರಬಿದ್ದ ಕಂಟ್ರೋಲ್‌ಗಳ ಹ್ಯಾಂಡಲ್‌ಗಳು ಕಣ್ಣಿಗೆ ಕಾಣದ ‘ಪಾರ್ಕಿಂಗ್ ವಿಂಡೋ’ ಎಂಬ ಕಿಟಕಿಗೆ ಹೋಗಿ ಕೂರುತ್ತವೆ. ಅದರ ಹೆಸರೇ ಹಾಗೆ. ಗಾರ್ಬೇಜ್ ಕಲೆಕ್ಟರ್ ಎಲ್ಲ ಗುಡಿಸುತ್ತದೆ ಎಂದು ನಂಬಿ ಕೂತರೆ ಹ್ಯಾಂಡಲ್‌ಗಳ ವಿಷಯದಲ್ಲಿ ನಂಬಿಕೆ ಕೈಕೊಡುತ್ತದೆ. ಪಟ್ಟಿಯ ಕೊನೆಯಿಂದ ಹಿಂದಕ್ಕೆ ಬರುತ್ತಾ ಒಂದೊಂದನ್ನೂ ಡಿಸ್ಪೋಸ್ ಮಾಡುವ ಲೂಪ್ ಬರೆದೆ. ಮುಂದಿನಿಂದ ಹೋದರೆ ಡಿಸ್ಪೋಸ್ ಆದದ್ದು ಪಟ್ಟಿಯಿಂದಲೂ ಜಾರಿ, ಒಂದು ಬಿಟ್ಟು ಒಂದು ಉಳಿದುಹೋಗುತ್ತದೆ.

ಗ್ರಿಡ್‌ನ ಜಾಗದಲ್ಲಿ ಬಿಳಿ ಚೌಕದ ಮೇಲೆ ಕೆಂಪು ಗೀಟಿನ ಅಡ್ಡಗುರುತು ಬರುತ್ತದೆ ಎಂದೂ ಅಕ್ಕ ಹೇಳಿದ್ದರು. ಅದು ವೈರಸ್ ಎಂದು ಆಫೀಸಿನಲ್ಲಿ ಯಾರೋ ನಂಬಿಸಿದ್ದಾರೆ. ವೈರಸ್ ಅಲ್ಲ. ತನ್ನನ್ನು ತಾನು ಬಿಡಿಸಿಕೊಳ್ಳುವಾಗ ಎಕ್ಸೆಪ್ಶನ್ ಬಿದ್ದರೆ ವಿಂಡೋಸ್ ಫಾರ್ಮ್ಸ್ ಕಂಟ್ರೋಲ್ ತೋರಿಸುವ ಮುಖ ಅದು. ಒಮ್ಮೆ ಬಂದರೆ ಫಾರ್ಮ್ ಮುಚ್ಚಿ ತೆರೆಯುವ ತನಕ ಹೋಗುವುದಿಲ್ಲ. ಇಲ್ಲಿ ಅದಕ್ಕೂ ಕಾರಣ ಸಿಕ್ಕಿತು: ಸೆಲ್‌ಫಾರ್ಮ್ಯಾಟಿಂಗ್ ಈವೆಂಟಿನಲ್ಲಿ ದಪ್ಪಕ್ಷರಕ್ಕಾಗಿ ಪ್ರತಿ ಸಲವೂ ಹೊಸ ಫಾಂಟ್. ಗ್ರಿಡ್ ಉರುಳಿಸಿದಷ್ಟೂ ಫಾಂಟು, ಜಿಡಿಐ ಕೋಟಾವೂ ಹೀಗೇ ಮುಗಿಯುತ್ತದೆ. ಫಾರ್ಮ್‌ಗೊಂದೇ ಫಾಂಟ್ ಮಾಡಿಟ್ಟು ಅದನ್ನೇ ಬಳಸುವಂತೆ ತಿದ್ದಿದೆ.

15 ಜನವರಿ, ಸೋಮವಾರ

ಸಂಕ್ರಾಂತಿ. ಎಳ್ಳು-ಬೆಲ್ಲ, ಬಂಧುಗಳು, ಮಧ್ಯಾಹ್ನದ ನಿದ್ದೆ. ಸಂಜೆ ಹಳೆ ಪುಸ್ತಕಗಳ ಧೂಳು ಕೊಡವಿದೆ. ಚಾರ್ಲ್ಸ್ ಪೆಟ್ಜೋಲ್ಡ್ ಅವರ ‘ಪ್ರೋಗ್ರಾಮಿಂಗ್ ವಿಂಡೋಸ್’ ಮೊದಲು ಬಂದದ್ದು 1988ರಲ್ಲಿ. ವಿಂಡೋಸ್ ಮೊದಲ ಆವೃತ್ತಿ ಅದಕ್ಕೂ ಮೂರು ವರ್ಷ ಹಿಂದಿನದು. ಗೆಟ್‌ಮೆಸೇಜ್, ಟ್ರಾನ್ಸ್‌ಲೇಟ್‌ಮೆಸೇಜ್, ಡಿಸ್ಪ್ಯಾಚ್‌ಮೆಸೇಜ್ ಎಂದು ಗುಮಾಸ್ತ ಚೀಟಿ ಎತ್ತುವ ಆ ಸುತ್ತು ಇಂದಿನ ಪ್ರೋಗ್ರಾಂಗಳ ಹೊಟ್ಟೆಯಲ್ಲೂ ತಿರುಗುತ್ತಿದೆ. ಅಪ್ಲಿಕೇಶನ್.ರನ್ ಎಂದು ಒಂದು ಸಾಲು ಬರೆದು ನಾವು ಅದನ್ನು ಮರೆತಿದ್ದೇವೆ. ಅದೇ 1988ರಲ್ಲಿ ಅಲನ್ ಕೂಪರ್ ಎಂಬ ಪ್ರೋಗ್ರಾಮರ್ ತಾನು ಬರೆದ ‘ರೂಬಿ’ ಎಂಬ ಪ್ರೋಗ್ರಾಂ ಅನ್ನು ಮೈಕ್ರೋಸಾಫ್ಟಿಗೆ ಮಾರಿದ. 1991ರಲ್ಲಿ ಅದು ಬೇಸಿಕ್ ಜೊತೆ ಸೇರಿ ವಿಷುವಲ್ ಬೇಸಿಕ್ ಆಯಿತು. ಬಟನ್ ಎಳೆದು ಫಾರ್ಮಿನ ಮೇಲಿಟ್ಟು, ಎರಡು ಸಲ ಒತ್ತಿದರೆ ಕೋಡ್ ಬರೆಯುವ ಜಾಗ. ಜಿಲ್ಲೆಯ ಅಡಿಕೆ ಮಂಡಿಗಳಿಗೂ ಸಹಕಾರಿ ಸಂಘಗಳಿಗೂ ತಂತ್ರಾಂಶ ಬಂದದ್ದು ಈ ಸುಲಭದಿಂದಲೇ. ಒಳಗಿನ ಸುತ್ತನ್ನು ನೋಡದೆಯೇ ಪ್ರೋಗ್ರಾಂ ಬರೆದು ಮುಗಿಸುವ ಒಂದು ತಲೆಮಾರು ಬೆಳೆದದ್ದೂ ಅದರಿಂದಲೇ. ಎರಡಕ್ಕೂ ಕೂಪರನೇ ಹೊಣೆ ಎಂದರೆ ಅನ್ಯಾಯ, ಆದರೂ ಹಾಗನಿಸಿತು.

18 ಜನವರಿ, ಗುರುವಾರ

ಈ ಇಡೀ ಕೆಲಸದಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇವತ್ತಿನದು. ಸಿಟ್ಟು ಬಂದದ್ದೂ ಇವತ್ತೇ.

ಸದಸ್ಯರ ಹೆಸರು ಕನ್ನಡದಲ್ಲಿ ಇರಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿ ಬಹಳ ದಿನವಾಯಿತಂತೆ. ‘ಕನ್ನಡ ಬರೋದಿಲ್ಲ ಸರ್, ಅದು ಕಂಪ್ಯೂಟರಿಗೆ ಆಗೋದಿಲ್ಲ’ ಎನ್ನುವುದು ಆಫೀಸಿನ ತೀರ್ಮಾನ. ಏನು ಬರುವುದಿಲ್ಲ ತೋರಿಸಿ ಎಂದೆ. ಅಕ್ಕ ‘ಕುಮಾರ’ ಎಂದು ಟೈಪ್ ಮಾಡಿದರು. ಪರದೆಯಲ್ಲಿ ‘ಕಮರ’ ಎಂದು ಬಂತು. ‘ಶಿರಸಿ’ ಬರೆದರೆ ‘ಶರಸ’. ‘ಲಕ್ಷ್ಮಿ’ ಬರೆದರೆ ‘ಲಕಷಮ’. ನೋಟ್‌ಪ್ಯಾಡಿನಲ್ಲಿ ಅದೇ ಕೀಲಿಮಣೆಯಲ್ಲಿ ಬರೆಸಿದೆ, ಚೊಕ್ಕವಾಗಿ ಬಂತು. ಅಂದರೆ ಕೀಲಿಮಣೆಯೂ ಸರಿ, ಫಾಂಟೂ ಸರಿ, ವಿಂಡೋಸೂ ಸರಿ. ಈ ಒಂದು ಟೆಕ್ಸ್ಟ್‌ಬಾಕ್ಸ್ ಮಾತ್ರ ಗುಣಿತಾಕ್ಷರ ತಿನ್ನುತ್ತಿದೆ.

ಕೀಪ್ರೆಸ್ ಈವೆಂಟಿನಲ್ಲಿ ಕಾರಣ ಕೂತಿತ್ತು. ಹೆಸರಿನಲ್ಲಿ ಅಕ್ಷರ ಬಿಟ್ಟು ಬೇರೇನೂ ಬರಬಾರದೆಂದು ಕ್ಯಾರ್.ಈಸ್‌ಲೆಟರ್ ಕೇಳಿ, ಇಲ್ಲ ಎಂದು ಉತ್ತರ ಬಂದ ಕೀಲಿಯನ್ನು ನುಂಗಿಹಾಕುವ ಕೋಡ್. ಇಂಗ್ಲಿಷಿಗೆ ಇದು ಸಾಕು. ಯುನಿಕೋಡ್ ಲೆಕ್ಕದಲ್ಲಿ ‘ಕ’ ಅಕ್ಷರ, ಆದರೆ ಅದಕ್ಕೆ ಹತ್ತುವ ಕೊಂಬು, ಗುಡಿಸು, ದೀರ್ಘ, ಒತ್ತಿಗೆ ಬೇಕಾದ ಹಲಂತ, ಅನುಸ್ವಾರ ಇವೆಲ್ಲ ‘ಗುರುತು’ಗಳು, ಬೇರೆ ವರ್ಗ. ಈಸ್‌ಲೆಟರ್ ಅವನ್ನು ಅಕ್ಷರವೆಂದು ಒಪ್ಪುವುದಿಲ್ಲ. ‘ಕಮಲ’, ‘ಭರತ’ ಎಂಬ ಹೆಸರಿನವರಿಗೆ ಈ ಪ್ರೋಗ್ರಾಂನಲ್ಲಿ ಯಾವ ತೊಂದರೆಯೂ ಇಲ್ಲ. ಬರೆದವನು ಪರೀಕ್ಷಿಸಿದ್ದರೆ ಇಂಥದೇ ಹೆಸರು ಹಾಕಿ ನೋಡಿರಬೇಕು.

ತಿದ್ದುಪಡಿ ನಾಲ್ಕೈದು ಸಾಲು. ಗೆಟ್‌ಯುನಿಕೋಡ್‌ಕ್ಯಾಟಗರಿ ಕೇಳಿ ಎರಡು ಬಗೆಯ ಗುರುತುಗಳನ್ನೂ ಒಳಗೆ ಬಿಟ್ಟೆ. ಬರೀ ಅಷ್ಟೇ ಸಾಲದು. ‘ರಾಜ್‌ಕುಮಾರ್’ ಎಂದು ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು, ಇಲ್ಲದಿದ್ದರೆ ‘ಜ’ಗೆ ‘ಕ’ ಒತ್ತಾಗಿ ಅಂಟಿಕೊಳ್ಳುತ್ತದೆ. ಅದು ಇನ್ನೊಂದೇ ವರ್ಗದ್ದು, ಅದನ್ನೂ ಹೆಸರಿಸಿ ಬಿಡಬೇಕಾಯಿತು. ಇನಿಷಿಯಲ್ಲಿನ ಚುಕ್ಕೆ, ಖಾಲಿ ಜಾಗ ಸರಿಯೇ ಸರಿ. ಇಷ್ಟೆಲ್ಲ ಕಾವಲು ಹಾಕಿದರೂ ಬೇರೆಡೆಯಿಂದ ಪೇಸ್ಟ್ ಮಾಡಿದ ಪಠ್ಯ ಈ ಬಾಗಿಲಿಗೆ ಬರುವುದೇ ಇಲ್ಲ, ನೇರ ಒಳಗೆ ಹೋಗುತ್ತದೆ. ಆದ್ದರಿಂದ ಅಸಲಿ ತಪಾಸಣೆಯನ್ನು ಉಳಿಸುವ ಹೊತ್ತಿಗೆ ವರ್ಗಾಯಿಸಿದೆ.

ಆಮೇಲೆ ಉದ್ದದ ಹೆಸರು. ಹೆಸರಿನ ಬಾಕ್ಸಿಗೆ ಮ್ಯಾಕ್ಸ್‌ಲೆಂತ್ 15 ಎಂದು ಹಾಕಿದ್ದಾನೆ. ‘ಲಕ್ಷ್ಮೀನಾರಾಯಣಸ್ವಾಮಿ’ ನಮ್ಮ ಕಣ್ಣಿಗೆ ಎಂಟು ಅಕ್ಷರ, ಟೆಕ್ಸ್ಟ್‌ಬಾಕ್ಸಿಗೆ ಹತ್ತೊಂಬತ್ತು. ಕ್ಷ್ಮೀ ಒಂದರಲ್ಲೇ ಆರು. ಹದಿನೈದಕ್ಕೆ ಕತ್ತರಿಸಿದರೆ ‘ಲಕ್ಷ್ಮೀನಾರಾಯಣಸ್’ ಎಂದು ಕೈಕಾಲಿಲ್ಲದೆ ನಿಲ್ಲುತ್ತದೆ. ಡೇಟಾಬೇಸಿನ ಕಾಲಂ ಅಗಲ ನೋಡಿದೆ, 100 ಇದೆ. ಬಾಕ್ಸಿಗೂ ಅದೇ ಕೊಟ್ಟೆ.

ಅಂಕಿಯ ಕಥೆ ಇದರ ತಿರುವುಮುರುವು. ಚೀಲದ ಸಂಖ್ಯೆಯ ಬಾಕ್ಸಿನಲ್ಲಿ ಈಸ್‌ಡಿಜಿಟ್ ಕಾವಲು. ಕೀಲಿಮಣೆ ಕನ್ನಡದಲ್ಲೇ ಉಳಿದು ಯಾರಾದರೂ ‘೧೨’ ಎಂದು ಒತ್ತಿದರೆ ಈಸ್‌ಡಿಜಿಟ್ ಖುಷಿಯಿಂದ ಒಳಗೆ ಬಿಡುತ್ತದೆ, ಅದರ ಮಟ್ಟಿಗೆ ಕನ್ನಡದ ಅಂಕಿಯೂ ಅಂಕಿಯೇ. ಮುಂದೆ ಅದನ್ನು ಸಂಖ್ಯೆಯಾಗಿಸುವ ಇಂಟ್.ಪಾರ್ಸ್ ಮಾತ್ರ 0ಯಿಂದ 9ರ ತನಕದ್ದನ್ನಷ್ಟೇ ಬಲ್ಲದು. ‘ಇನ್‌ಪುಟ್ ಸ್ಟ್ರಿಂಗ್ ವಾಸ್ ನಾಟ್ ಇನ್ ಎ ಕರೆಕ್ಟ್ ಫಾರ್ಮ್ಯಾಟ್’ ಎಂದು ಚೀರಿ ಪ್ರೋಗ್ರಾಂ ಬೀಳುತ್ತದೆ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಕನ್ನಡ ಅಂಕಿಯನ್ನು ತಡೆಯಬೇಕೇ, ಪರಿವರ್ತಿಸಬೇಕೇ ಎಂದು ಅಕ್ಕನನ್ನೇ ಕೇಳಿದೆ. ‘ನಾವು ಬರೆದದ್ದನ್ನ ಅದು ಅರ್ಥ ಮಾಡ್ಕೊಳ್ಲಿ’ ಎಂದರು. ಪರಿವರ್ತಿಸಿದೆ.

ಕೊನೆಗೆ ಗ್ರಿಡ್‌ನಲ್ಲಿ ಒತ್ತಕ್ಷರದ ಕಾಲು ತುಂಡಾಗುತ್ತಿದ್ದುದು. ಫಾಂಟ್ ಎಂದು ಕೊಟ್ಟಿದ್ದು ಮೈಕ್ರೋಸಾಫ್ಟ್ ಸ್ಯಾನ್ಸ್ ಸೆರಿಫ್. ಅದರಲ್ಲಿ ಕನ್ನಡವಿಲ್ಲ, ವಿಂಡೋಸ್ ಬೇರೆ ಫಾಂಟಿನಿಂದ ಅಕ್ಷರ ಎರವಲು ತಂದು ಬಿಡಿಸುತ್ತದೆ. ಆದರೆ ಸಾಲಿನ ಎತ್ತರದ ಲೆಕ್ಕ ಮೊದಲಿನ ಫಾಂಟಿನದೇ, 22 ಪಿಕ್ಸೆಲ್. ‘ರಾಷ್ಟ್ರ’ದಂಥ ಮಾತಿನ ಕೆಳಗಿನ ಒತ್ತು ಗೆರೆಯಡಿ ಹೋಗಿ ಮಾಯ. ನಿರ್ಮಲಾ ಯುಐ ಎಂದು ಹೆಸರಿಟ್ಟು ಹೇಳಿದೆ, ವಿಂಡೋಸ್ 8ರಿಂದ ಈಚೆಗೆ ಅದು ಜೊತೆಯಲ್ಲೇ ಬರುತ್ತದೆ. ಸಾಲಿನ ಎತ್ತರವನ್ನು ಆ ಫಾಂಟಿನಿಂದಲೇ ಲೆಕ್ಕ ಹಾಕಿಸಿದೆ.

‘ಕಂಪ್ಯೂಟರಿಗೆ ಕನ್ನಡ ಆಗೋದಿಲ್ಲ’ ಎಂಬ ತೀರ್ಮಾನ ನಿಂತಿದ್ದು ಇಷ್ಟರ ಮೇಲೆ: ಒಂದು ಈಸ್‌ಲೆಟರ್, ಒಂದು 15, ಒಂದು 22.

23 ಜನವರಿ, ಮಂಗಳವಾರ

ಖರೀದಿದಾರರ ಊರು ಬದಲಿಸಿದರೆ ಬೆಳೆಗಾರರ ಊರೂ ತಾನಾಗಿ ಬದಲಾಗುತ್ತದೆ. ಯಲ್ಲಾಪುರ ಎಂದು ಆರಿಸಿದರೆ ಎರಡು ಕಡೆಯೂ ಯಲ್ಲಾಪುರ. ಎರಡು ಕಾಂಬೋಬಾಕ್ಸಿಗೆ ಒಂದೇ ಊರಿನ ಪಟ್ಟಿಯನ್ನು ಡೇಟಾಸೋರ್ಸ್ ಆಗಿ ಕೊಟ್ಟರೆ ಹೀಗೇ. ‘ಈಗ ಎಷ್ಟನೇ ಸಾಲಿನಲ್ಲಿದ್ದೇವೆ’ ಎಂಬುದನ್ನು ನೆನಪಿಡುವುದು ಕಾಂಬೋಬಾಕ್ಸ್ ಅಲ್ಲ, ಪಟ್ಟಿಗೆ ಸೇರಿದ ಕರೆನ್ಸಿಮ್ಯಾನೇಜರ್. ಪಟ್ಟಿ ಒಂದಾದರೆ ಅದೂ ಒಂದೇ. ತಲಾ ಒಂದು ಬೈಂಡಿಂಗ್‌ಸೋರ್ಸ್ ಕೊಟ್ಟೆ, ಬಿಡುಗಡೆಯಾಯಿತು. ಡಿಸ್‌ಪ್ಲೇಮೆಂಬರ್, ವ್ಯಾಲ್ಯೂಮೆಂಬರ್ ಮೊದಲು ಹೇಳಿ ಡೇಟಾಸೋರ್ಸ್ ಕೊನೆಗೆ ಕೊಡುವಂತೆಯೂ ಬದಲಿಸಿದೆ. ಇಲ್ಲದಿದ್ದರೆ ಪಟ್ಟಿ ತುಂಬುವಾಗಲೇ ಸೆಲೆಕ್ಟೆಡ್‌ಇಂಡೆಕ್ಸ್‌ಚೇಂಜ್ಡ್ ಎದ್ದು, ಊರಿನ ನಂಬರ್ ಬದಲು ಇಡೀ ಡೇಟಾರೋವ್ಯೂ ಕೈಗೆ ಬರುತ್ತದೆ.

30 ಜನವರಿ, ಮಂಗಳವಾರ

ಕಾರ್ಯದರ್ಶಿಗಳಿಗೆ ಹೊಸ ಲ್ಯಾಪ್‌ಟಾಪ್. ಅದರಲ್ಲಿ ಅರ್ಧ ಅಕ್ಷರಗಳು ಬಾಕ್ಸಿನಿಂದ ಆಚೆ. ಅದರ ಸ್ಕೇಲಿಂಗ್ ಶೇಕಡಾ 150, ಅಂದರೆ ಇಂಚಿಗೆ 96 ಚುಕ್ಕೆಯ ಬದಲು 144. ಪ್ರೋಗ್ರಾಂನ ಮ್ಯಾನಿಫೆಸ್ಟಿನಲ್ಲಿ ‘ನನಗೆ ಡಿಪಿಐ ಗೊತ್ತು’ ಎಂಬ ಘೋಷಣೆ ಇದೆ, ಫಾರ್ಮ್‌ಗಳ ಆಟೋಸ್ಕೇಲ್‌ಮೋಡ್ ಮಾತ್ರ ‘ನನ್’. ಪಾಯಿಂಟ್‌ನಲ್ಲಿ ಅಳೆಯುವ ಫಾಂಟು ಬೆಳೆಯಿತು, ಪಿಕ್ಸೆಲ್‌ನಲ್ಲಿ ಅಳೆಯುವ ಬಾಕ್ಸು ಬೆಳೆಯಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದರೆ ವಿಂಡೋಸ್ ನಂಬುತ್ತದೆ, ಸಹಾಯಕ್ಕೆ ಬರುವುದಿಲ್ಲ. ಸುಳ್ಳು ಹೇಳದೆ ಇದ್ದಿದ್ದರೆ ಇಡೀ ಕಿಟಕಿಯನ್ನು ಚಿತ್ರದಂತೆ ಹಿಗ್ಗಿಸಿ, ಮಸುಕಾಗಿಯಾದರೂ ಪೂರ್ತಿ ತೋರಿಸುತ್ತಿತ್ತು.

ಆಟೋಸ್ಕೇಲ್ ಹಾಕಿದರೆ 768 ಎತ್ತರದ ಫಾರ್ಮ್‌ಗೆ 1152 ಬೇಕು, ಪರದೆ ಇರುವುದೇ 1080. ‘ಉಳಿಸು’ ಬಟನ್ ಟಾಸ್ಕ್‌ಬಾರಿನ ಕೆಳಗೆ. ಹೀಗಾಗಿ ಟೇಬಲ್‌ಲೇಔಟ್‌ಪ್ಯಾನೆಲ್ ತಂದು, ಬಟನ್‌ಗಳನ್ನು ತಳಕ್ಕೆ ಡಾಕ್ ಮಾಡಿ, ಗ್ರಿಡ್‌ಗೆ ಉಳಿದ ಜಾಗ ಬಿಟ್ಟುಕೊಟ್ಟೆ. ಬೇಸರದ ಕೆಲಸ, ಬರೆಯಲು ಹೆಚ್ಚೇನಿಲ್ಲ. ವಿಷುವಲ್ ಸ್ಟುಡಿಯೋದ ಡಿಸೈನರನ್ನು ಶೇಕಡಾ 100ರಲ್ಲೇ ತೆರೆಯಬೇಕು. ಇಲ್ಲದಿದ್ದರೆ ತೆರೆದು ಉಳಿಸಿದಾಗಲೇ ಅಳತೆಗಳನ್ನೆಲ್ಲ ಮರುಬರೆದು ಇಡುತ್ತದೆ.

6 ಫೆಬ್ರವರಿ, ಮಂಗಳವಾರ

ಸದಸ್ಯರ ಪಟ್ಟಿಯಲ್ಲಿ 9999999999 ಎಂಬ ಫೋನ್ ನಂಬರ್ ಮತ್ತೆ ಮತ್ತೆ. ಏಕೆಂದು ಗುಮಾಸ್ತರನ್ನು ಕೇಳಿದರೆ, ‘ಅದು ಹಾಕದಿದ್ರೆ ಹೊರಗೇ ಬಿಡೂದಿಲ್ಲ’ ಎಂದರು.

ನಿಜ. ಫೋನ್ ಬಾಕ್ಸಿನ ವ್ಯಾಲಿಡೇಟಿಂಗ್ ಈವೆಂಟಿನಲ್ಲಿ ಹತ್ತಂಕಿ ಇಲ್ಲದಿದ್ದರೆ ಕ್ಯಾನ್ಸಲ್. ಕರ್ಸರ್ ಅಲ್ಲಿಗೆ ಹೋದರೆ ಮುಗಿಯಿತು. ರದ್ದು ಬಟನ್ ಒತ್ತಲೂ ಆಗುವುದಿಲ್ಲ, ಮೂಲೆಯ ಗುಣಿಸು ಗುರುತು ಒತ್ತಿದರೂ ಫಾರ್ಮ್ ಹೋಗುವುದಿಲ್ಲ. ಹೀಗೆ ಕಟ್ಟುನಿಟ್ಟು ಮಾಡಿದ್ದಕ್ಕೆ ಸಿಕ್ಕಿದ ಫಲ ಹತ್ತು ಒಂಬತ್ತು. ಬ್ರೇಕ್‌ಪಾಯಿಂಟ್ ಹಾಕಿ ಈ ಈವೆಂಟುಗಳನ್ನು ಹಿಡಿಯಲು ಹೋಗಬಾರದು. ನಿಲ್ಲಿಸಿದ ಕ್ಷಣ ಫೋಕಸ್ ಡೀಬಗರಿಗೆ ಹೋಗಿ, ನೋಡಬೇಕಾದ ನಾಟಕವೇ ಬದಲಾಗುತ್ತದೆ. ಪ್ರತಿ ಈವೆಂಟಿಗೂ ಡೀಬಗ್.ರೈಟ್‌ಲೈನ್ ಹಾಕಿ ಸಾಲಾಗಿ ಓದಿದೆ. ರದ್ದು ಬಟನ್‌ನ ಕಾಸಸ್‌ವ್ಯಾಲಿಡೇಶನ್ ಫಾಲ್ಸ್ ಮಾಡಿದೆ. ಫಾರ್ಮ್‌ಕ್ಲೋಸಿಂಗ್‌ನಲ್ಲಿ ಕ್ಯಾನ್ಸಲ್ ಅನ್ನು ಹಿಂತೆಗೆದುಕೊಂಡೆ. ಫೋನ್ ಇಲ್ಲದ ಅಜ್ಜಂದಿರಿಗೆ ಖಾಲಿ ಬಿಡುವ ಹಕ್ಕನ್ನೂ ಕೊಟ್ಟೆ.

9 ಫೆಬ್ರವರಿ, ಶುಕ್ರವಾರ

ಮಂಡಳಿಯ ಸಭೆಗೆ ಕರೆದಿದ್ದರು. ಇಡೀ ಪ್ರೋಗ್ರಾಂ ಬಿಸಾಕಿ ಬ್ರೌಸರಿನಲ್ಲಿ ಓಡುವಂಥದ್ದನ್ನು ಹೊಸದಾಗಿ ಬರೆಸೋಣವೇ, ಹುಬ್ಬಳ್ಳಿಯವರೊಬ್ಬರು ದರ ಕೊಟ್ಟಿದ್ದಾರೆ ಎಂದರು. ದರ ನೋಡಿದೆ, ಕಣ್ಣು ಕುಕ್ಕುವಂತಿತ್ತು. ಹೊಸದು ಬರೆಯುವವರು ಕ್ಷ್ಮೀ ಎಷ್ಟು ಉದ್ದ ಎಂದು ಕೇಳುತ್ತಾರೆಯೇ ಎಂಬುದು ನನ್ನ ಪ್ರಶ್ನೆ. ಯಾರೂ ಉತ್ತರಿಸಲಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ, ಆಗ ಯಂತ್ರಗಳನ್ನು ಬದಲಿಸಬೇಕು. ಪ್ರೋಗ್ರಾಂ ವಿಂಡೋಸ್ 11ರಲ್ಲೂ ಹೀಗೇ ಓಡುತ್ತದೆ. ವಿಂಡೋಸ್ ಫಾರ್ಮ್ಸ್‌ನ ಸೋರ್ಸ್ 2018ರ ಡಿಸೆಂಬರಿನಿಂದ ಎಲ್ಲರಿಗೂ ತೆರೆದಿದೆ, ಅನುಮಾನ ಬಂದರೆ ಒಳಗೆ ಹೋಗಿ ಓದಬಹುದು. ಕಾಟಾ, ಟೆಂಡರ್, ಸದಸ್ಯರ ಪರದೆ ಮೂರೂ ಸರಿಯಾಗಿವೆ. ಹಳೆಯದರ ನಿಜವಾದ ಕೊರತೆ ಉಳಿದಿರುವುದು ರಸೀದಿ ಮುದ್ರಣದಲ್ಲಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಬರೀ ಇಂಗ್ಲಿಷ್ ಅಕ್ಷರ ಕಳಿಸುವ ಕೋಡ್ ಇನ್ನೂ ಹಾಗೇ ಇದೆ. ಅದಕ್ಕೆ ಮಾರ್ಚ್ ತಿಂಗಳು ಬೇಕು ಎಂದು ಹೇಳಿದ್ದೇನೆ.

ಹೊಸದಾಗಿ ಬರೆಸುವ ಅಗತ್ಯವಿಲ್ಲ, ದುರಸ್ತಿ ಸಾಕು ಎಂದು ಬರೆದು ಸಹಿ ಹಾಕಿ ಕೊಟ್ಟು ಬಂದೆ.